ಗೆರೆಯ ಮೇಲಿನ ಚುಕ್ಕೆ

ನಮ್ಮ ಮನೆಯಲ್ಲಿ ದೂರು ಹೇಳಬೇಕೆಂದರೆ ಮೂರೇ ಮಾತಿನಲ್ಲಿ ಹೇಳಬೇಕಿತ್ತು. ಮೊದಲನೆಯದು ಎಲ್ಲರೂ ಒಪ್ಪುವ ಮಾತು, ಎರಡನೆಯದು ಕಣ್ಣಾರೆ ಕಂಡ ಮಾತು, ಮೂರನೆಯದು ‘ಅದಕ್ಕೇ’ ಎಂದು ಶುರುವಾಗುವ ಮಾತು. ನಾಲ್ಕನೆಯದಕ್ಕೆ ಬಾಯಿ ತೆರೆದರೆ ದೂರು ಅಲ್ಲಿಗೇ ವಜಾ. ಅತ್ತು ಕರೆದು ಮಾಡುವಂತಿರಲಿಲ್ಲ, ಹಳೆಯದನ್ನು ಕೆದಕುವಂತಿರಲಿಲ್ಲ. ಇಂಥ ಮನೆಯಲ್ಲಿ ಬೆಳೆದವಳು ಮುಂದೆ ಗಂಡನ ಮನೆಯಲ್ಲಿ ಹೇಗೆ ಬಾಳಿದೆ ಎಂದು ಮಾತ್ರ ಕೇಳಬೇಡಿ. ಅಲ್ಲಿ ಒಂದು ಮಾತಿಗೂ ಅವಕಾಶವಿರಲಿಲ್ಲ.

ಈ ಕಾಯಿದೆ ತಂದವನು ಅಪ್ಪನ ತಮ್ಮ, ನನ್ನ ಶಂಕ್ರಪ್ಪ ಕಾಕಾ. ಪುಣೆಗೆ ಓದಲು ಹೋದವರು ಊರಿಗೆ ಬರುವಾಗ ಛತ್ರಿ ತರುತ್ತಿದ್ದರು, ಬೂಟು ತರುತ್ತಿದ್ದರು. ನಮ್ಮ ಕಾಕಾ ತಂದದ್ದು ರಟ್ಟು ಕಿತ್ತುಹೋದ ಒಂದು ಪುಸ್ತಕ. ಉಳಿದ ಎಲ್ಲದರಲ್ಲೂ ನಪಾಸಾಗಿ ತರ್ಕಶಾಸ್ತ್ರವೊಂದರಲ್ಲೇ ಪಾಸಾದವನು ಅವನು. ಹೊಲದ ಕೆಲಸಕ್ಕೆ ನಿಂತರೂ ಆ ಒಂದು ಪಾಸನ್ನು ಮಾತ್ರ ಬಿಡಲಿಲ್ಲ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಚಕ್ಕಡಿ ಹಾದಿಯಲ್ಲಿ ನಮ್ಮೂರು. ಚಚಡಿಯಲ್ಲಿದ್ದಂಥ ವಾಡೆಯೇನೂ ನಮ್ಮದಲ್ಲ, ಸಾದಾ ಒಕ್ಕಲು ಮನೆ. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಅವುಗಳ ಗೋದಲಿ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಮೂಲೆಯಲ್ಲಿ ದೇವರ ಕೋಣೆ. ಎತ್ತಿನ ಉಸಿರು, ವಿಭೂತಿಯ ವಾಸನೆ, ರೊಟ್ಟಿ ಸುಡುವ ಹೊಗೆ ಎಲ್ಲ ಒಂದರೊಳಗೊಂದು ಬೆರೆತು ಪಡಸಾಲೆಗೆ ಬರುತ್ತಿದ್ದವು. ಸಂಜೆ ಲಿಂಗಪೂಜೆ, ಊಟ ಮುಗಿದ ಮೇಲೆ ಕಾಕಾ ಅಲ್ಲಿ ಕಂಬಳಿ ಹಾಸಿಕೊಂಡು ಕೂಡುತ್ತಿದ್ದ. ಅದೇ ಕೋರ್ಟು.

ನಾನು ಆ ಕೋರ್ಟಿನ ಕಾರಕೂನಳು. ಹತ್ತು ವರ್ಷದವಳ ಕೈಯಲ್ಲಿ ರಂಗೋಲಿಯ ಗೆರೆ ನಡುಗದೆ ಬರುತ್ತಿತ್ತು, ಕಾಕಾನಿಗೆ ಒಂದು ದುಂಡನೆಯ ಸೊನ್ನೆ ಬರೆಯಲೂ ಬರುತ್ತಿರಲಿಲ್ಲ. ಆದ್ದರಿಂದ ಅವನು ಹೇಳಿದಂತೆ ಸಾರಿಸಿದ ನೆಲದ ಮೇಲೆ ವೃತ್ತ ಹಾಕುವ ಕೆಲಸ ನನ್ನದು. ಒಂದು ಜಾತಿಯದ್ದೆಲ್ಲ ಒಂದು ವೃತ್ತದೊಳಗೆ. ಜೋಳವೆಲ್ಲ ಕಾಳು ಎಂದರೆ ದೊಡ್ಡ ವೃತ್ತ ಕಾಳಿನದು, ಅದರ ಹೊಟ್ಟೆಯಲ್ಲಿ ಸಣ್ಣ ವೃತ್ತ ಜೋಳದ್ದು. ಒಬ್ಬ ಮನುಷ್ಯನ ಮಾತು ಬಂದರೆ ಒಂದು ಚುಕ್ಕೆ. ಬಾಗಿಲ ಮುಂದೆ ಇಡುವ ರಂಗೋಲಿಯನ್ನು ಗಂಡಸು ಪಡಸಾಲೆಯಲ್ಲಿ ಹಾಕಿಸುವುದು ಆಯಿಗೆ, ಅಂದರೆ ನನ್ನ ಅಜ್ಜಿಗೆ, ಒಂಚೂರೂ ಸೇರುತ್ತಿರಲಿಲ್ಲ. ಮನೆಗೆ ದರಿದ್ರ ಬರುತ್ತದೆಂದು ಗೊಣಗುತ್ತಲೇ ಬಂದು ಕೂಡುತ್ತಿದ್ದಳು. ಹಾಗೆ ಗೊಣಗಿದರೂ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಕಾಕಾನ ಪುಸ್ತಕದಲ್ಲಿ ಇಂಗ್ಲಿಷ್ ಹೆಸರಿನ ಕಟ್ಟಳೆಗಳಿದ್ದವು. ಅವನ್ನು ಅವನು ಬೀಗತನದ ಮಾತಿಗೆ ತಿರುಗಿಸಿದ್ದ. ವರನ ಮನೆ ಒಂದು, ವಧುವಿನ ಮನೆ ಒಂದು, ಇವೆರಡನ್ನೂ ಕೂಡಿಸುವ ನಡುವಿನಾಕಿ ಒಬ್ಬಳು. ಮೊದಲ ಮಾತಿನಲ್ಲಿ ಅವಳು ಒಂದು ಮನೆಗೆ ಹೋಗುತ್ತಾಳೆ, ಎರಡನೆಯದರಲ್ಲಿ ಇನ್ನೊಂದಕ್ಕೆ. ಮೂರನೆಯದು ಲಗ್ನ, ಅಲ್ಲಿ ಅವಳ ಸುಳಿವೂ ಇರಬಾರದು. ಎರಡರಲ್ಲಿ ಒಂದು ಮನೆಯನ್ನಾದರೂ ಅವಳು ಅಟ್ಟದಿಂದ ನೆಲದೊಳಗಿನ ಕಾಳಿನ ಹಗೇವಿನ ತನಕ ಪೂರ್ತಿ ನೋಡಿರಲೇಬೇಕು. ಎರಡೂ ಕಡೆ ಕಟ್ಟೆಯ ಮೇಲೆ ಕೂತು ಎದ್ದುಬಂದವಳ ಮಾತು ನಂಬಿ ಹೆಣ್ಣು ಕೊಡಬಾರದು. ‘ಇವರನ್ನೂ ಅರಿಯೆ, ಅವರನ್ನೂ ಅರಿಯೆ’ ಎನ್ನುವವಳಿಂದ ಲಗ್ನವೇ ಕೂಡುವುದಿಲ್ಲ. ಒಂದು ಕಡೆ ‘ಅಲ್ಲ’ ಎಂದಿದ್ದರೆ ಕೊನೆಗೂ ‘ಅಲ್ಲ’ ಎಂದೇ ಬರಬೇಕು. ಮೊದಲು ‘ಕೆಲವರು’ ಎಂದವರು ಕೊನೆಗೆ ‘ಎಲ್ಲರೂ’ ಎನ್ನಬಾರದು, ಪಾವು ಅಳೆದು ಕೊಟ್ಟು ಸೇರು ತಿರುಗಿ ಕೇಳಿದಂತಾಗುತ್ತದೆ. ಇಷ್ಟನ್ನು ನಾನು ಬೀಸುವ ಹಾಡು ಕಲಿತಂತೆ ಕಲಿತೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೀಲವ್ವ ಚಿಗವ್ವನೂ ಕಲಿತಳು.

ನೀಲವ್ವ ಚಿಗವ್ವ ಕಾಕಾನ ಹೆಂಡತಿ. ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಬಂದವಳು, ಆಗ ಹದಿನೆಂಟರ ಮೇಲಿರಲಿಲ್ಲ. ಹಿರಿಯರ ಮುಂದೆ ಗಂಡನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲವಲ್ಲ, ಕೋರ್ಟು ನಡೆದಾಗ ಬಾಗಿಲ ಹಿಂದೆ ನಿಂತು ಬಳೆಯನ್ನು ಚೌಕಟ್ಟಿಗೆ ಬಡಿಯುತ್ತಿದ್ದಳು. ಒಮ್ಮೆ ಬಡಿದರೆ ಸರಿ, ಎರಡು ಸಲ ಬಡಿದರೆ ತಪ್ಪು. ಕಾಕಾ ಕೇಳಿಸದವನಂತೆ ಮೀಸೆಯಲ್ಲೇ ನಗುತ್ತಿದ್ದ. ನನ್ನ ತಲೆ ಬಾಚುವವಳು ಅವಳೇ, ನನ್ನ ಸುಳ್ಳುಗಳನ್ನು ಮೊದಲು ಕೇಳುವವಳೂ ಅವಳೇ. ಅವ್ವನಿಗಿಂತ ಅವಳ ಮೇಲೆಯೇ ನನ್ನ ಜೀವ ಹೆಚ್ಚಾಗಿತ್ತು, ಇದನ್ನು ಈಗ ಹೇಳಲು ನನಗೇನೂ ಅಂಜಿಕೆಯಿಲ್ಲ.

ಆ ವರ್ಷ ಅವ್ವ ಬಾಣಂತಿ. ತಮ್ಮ ಮೂರು ತಿಂಗಳ ಕೂಸು. ಅವ್ವನ ಅಂಟಿನುಂಡಿಗೆಂದು ಆಯಿ ಒಳ್ಳೆಯ ಬೆಲ್ಲ ತರಿಸಿ ಗಡಿಗೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದಳು. ಒಂದು ಮಧ್ಯಾಹ್ನ ಆ ಬಟ್ಟೆ ಬಿಚ್ಚಿತ್ತು. ಬಾಣಂತಿಯ ಬೆಲ್ಲ ಕದ್ದರೆ ಸುಮ್ಮನಿರುವ ಹೆಂಗಸೇ ಆಯಿ? ನನ್ನ ಕೈ ಹಿಡಿದು ಮೂಸಿ ನೋಡಿ, ಸಂಜೆಯ ತನಕ ಹಲ್ಲು ಕಚ್ಚಿಕೊಂಡಿದ್ದು, ಕಾಕಾನ ಎದುರು ತಂದು ನಿಲ್ಲಿಸಿದಳು.

“ಬೆಲ್ಲಾ ತಿಂದವರ ಕೈ ಅಂಟಂಟ ಆಗಿರತಾವು. ಈಕಿ ಕೈ ಅಂಟಂಟ ಆಗ್ಯಾವು. ಅದಕ್ಕ, ಬೆಲ್ಲಾ ತಿಂದಾಕಿ ಈಕೀನ.”

ಮೂರೇ ಮಾತು, ಅಚ್ಚುಕಟ್ಟಾಗಿತ್ತು. ಕಾಕಾ ವೃತ್ತ ಹಾಕಲು ಹೇಳಿದ. ನನ್ನ ಅಪರಾಧಕ್ಕೆ ನಾನೇ ಗೆರೆ ಎಳೆದೆ. ದೊಡ್ಡದು ಅಂಟು ಕೈಯವರದು, ಅದರೊಳಗಿನ ಸಣ್ಣದು ಬೆಲ್ಲ ತಿಂದವರದು. ಕೈ ಅಂಟಾಗಲು ಬೇರೆ ಏನಾದರೂ ಕಾರಣವಿದ್ದೀತೇ ಎಂದು ಅವನು ಕೇಳಿದ. ಉತ್ತರ ಬಾಗಿಲ ಹಿಂದಿನಿಂದ ಬಂತು. ಮುಂಜಾನೆ ನಾವಿಬ್ಬರೂ ಹಳ್ಳದ ದಂಡೆಯಲ್ಲಿ ಜಾಲಿ ಅಂಟು ಬಿಡಿಸುತ್ತಿದ್ದೆವು ಎಂದು ಚಿಗವ್ವ ಅತ್ತೆಗೆ ಹೇಳಿದಳು. ಹಸಿ ಸುಳ್ಳು. ನಾವು ಹಳ್ಳದ ಕಡೆ ಮುಖವನ್ನೂ ಹಾಕಿರಲಿಲ್ಲ. ಎರಡೂ ಮಾತಿನಲ್ಲಿ ಬರುವ ‘ಅಂಟು ಕೈ’ಯೇ ಇಲ್ಲಿ ನಡುವಿನಾಕಿ, ಅವಳು ಎರಡೂ ಮನೆಯನ್ನು ಅರೆಬರೆ ನೋಡಿದ್ದಾಳೆ, ಆಯಿಯ ಮಾತು ನಿಲ್ಲುವುದಿಲ್ಲ ಎಂದ ಕಾಕಾ. ನನ್ನ ಬೆರಳು ಹಿಡಿದು ಚುಕ್ಕೆಯನ್ನು ಸಣ್ಣ ವೃತ್ತದ ಹೊರಗೆ ಇಟ್ಟ. ಬಾಗಿಲ ಹಿಂದೆ ಬಳೆ ಒಂದು ಸಲ ಬಡಿಯಿತು. ನನಗೆ ಬಿಡುಗಡೆಯಾಯಿತು, ಬೆಲ್ಲ ಇನ್ನೂ ಹಲ್ಲಿನ ಸಂದಿಯಲ್ಲಿತ್ತು.

ಆಯಿ ಸೋತರೂ ಹಾಗೇ ಬಿಡುವವಳಲ್ಲ. ಅಂಟು ಬಿಡಿಸಿದ್ದು ಹೌದಾದರೆ ಆ ಅಂಟು ಎಲ್ಲಿ, ಉಂಡೆಗೂ ಅಂಟು ಬೇಕು, ತಾ ಎಂದಳು. ಮರುದಿನ ಮುಂಜಾನೆ ಚಿಗವ್ವ ಯಾರಿಗೂ ಹೇಳದೆ ಹಳ್ಳಕ್ಕೆ ಹೋಗಿ ಉಡಿ ತುಂಬ ಅಂಟು ತಂದು ಆಯಿಯ ಮುಂದೆ ಸುರಿದಳು. ಬರುವಾಗ ಕುಂಟುತ್ತಿದ್ದಳು. ಜಾಲಿಯ ಮುಳ್ಳು ಅಂಗಾಲಿಗೆ ನೆಟ್ಟು ಒಳಗೇ ಮುರಿದಿತ್ತು. ಸೂಜಿಯಿಂದ ಕೆದಕಿ ತೆಗೆಯಲು ನಾನು ಹೋದರೆ, ಮೊದಲು ಬೆಲ್ಲ ತೊಳೆದುಕೊಂಡು ಬಾ ಎಂದು ನನ್ನ ಕೈ ಮೇಲೆ ಹೊಡೆದು ನಕ್ಕಳು. ಮುಳ್ಳು ಸಿಗಲಿಲ್ಲ.

ಐದಾರು ದಿನಕ್ಕೆ ಗೋದಲಿಯ ಬುಡದಲ್ಲಿ ಇಲಿ ಬಿದ್ದವು. ಮೊದಲು ಒಂದು, ಆಮೇಲೆ ಎರಡು. ಆಗಿನ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಪ್ಲೇಗು ಹೊಸ್ತಿಲಿಗೆ ಬಂತೆಂದು ಅರ್ಥ, ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿ ಇರಬೇಕು. ಊರಲ್ಲಿ ಆಗಲೇ ನಾಲ್ಕು ಮನೆ ಖಾಲಿಯಾಗಿದ್ದವು. ಬೇನೆ ಬಂದವರನ್ನು ಇಡಲು ಊರಾಚೆ ತಟ್ಟಿಯ ಚಪ್ಪರ ಹಾಕಿದ್ದರು. ಅದರೊಳಗೆ ಹೋದವರಲ್ಲಿ ನಡೆದುಕೊಂಡು ತಿರುಗಿ ಬಂದವರು ಕಡಿಮೆ. ಅಪ್ಪ ಚಕ್ಕಡಿ ಹೂಡಿ ಗುಡಿಸಲಿಗೆ ಬೇಕಾದ ಗಳ, ಜೋಳದ ಕಣಿಕೆ ಹೇರಿ ಹೊಲಕ್ಕೆ ಕಳಿಸಿದ, ನಾವು ಪಾತ್ರೆ ಕಟ್ಟಿದೆವು. ಆ ಗಡಿಬಿಡಿಯಲ್ಲೇ ಅವ್ವ ಚಿಗವ್ವನ ಕೈ ಮುಟ್ಟಿ ಗಾಬರಿಯಾದಳು. ಮೈ ಕೆಂಡದಂತೆ ಸುಡುತ್ತಿತ್ತು. ಆಯಿ ಅವಳನ್ನು ದೇವರ ಕೋಣೆಯ ಪಕ್ಕಕ್ಕೆ ಕರೆದೊಯ್ದು ಸೀರೆ ಸರಿಸಿ ನೋಡಿದಳು. ತೊಡೆಯ ಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು.

ಇನ್ನೂ ಬಿಸಿಲಿತ್ತು, ಪೂಜೆಯಾಗಿರಲಿಲ್ಲ. ಆದರೂ ಕೋರ್ಟು ಕೂತಿತು. ಅಪ್ಪ ಕಂಬಕ್ಕೆ ಆತು ನಿಂತಿದ್ದ. ಅವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆ ಹಿಡಿದಿದ್ದಳು. ಚಿಗವ್ವ ಅಡುಗೆಮನೆಯ ಬಾಗಿಲ ಹಿಂದೆ, ತನ್ನ ಎಂದಿನ ಜಾಗದಲ್ಲಿ. ಕಾಕಾ ಕಂಬಳಿ ಹಾಸಲಿಲ್ಲ, ಬರಿ ನೆಲದ ಮೇಲೆ ಕೂತ. ತೀರ್ಮಾನವಾಗಬೇಕಾದದ್ದು ಒಂದೇ. ಚಿಗವ್ವ ನಮ್ಮೊಡನೆ ಒಂದೇ ಗುಡಿಸಲಿಗೆ ಬರಬೇಕೋ, ಚಪ್ಪರಕ್ಕೆ ಹೋಗಬೇಕೋ. ಬೇನೆಯಿದ್ದು ನಮ್ಮೊಡನೆ ಬಂದರೆ ಕೂಸಿನಿಂದ ಹಿಡಿದು ಎಲ್ಲರೂ ಹೋಗುತ್ತೇವೆ. ಬೇನೆಯಿಲ್ಲದೆ ಚಪ್ಪರಕ್ಕೆ ಹೋದರೆ ಅವಳಿಗೆ ಅಲ್ಲಿ ಬೇನೆ ತಾಗುತ್ತದೆ.

“ಬ್ಯಾನಿ ಬಂದವರಿಗೆಲ್ಲಾ ಸಂದ್ಯಾಗ ಗಂಟು ಏಳತೈತಿ,” ಎಂದಳು ಆಯಿ. “ನೀಲವ್ವಗ ಗಂಟು ಎದ್ದೈತಿ. ಮೂರನೇ ಮಾತು ನನ್ನ ಬಾಯಿಲೆ ಹೇಳಸಬ್ಯಾಡೋ ಶಂಕ್ರಾ.”

“ಮೂರನೇ ಮಾತು ಬರೂದೇ ಇಲ್ಲವ್ವಾ. ಮುಳ್ಳ ನೆಟ್ಟವರಿಗೂ ಗಂಟು ಏಳತೈತಿ, ಜ್ವರಾನೂ ಬರತಾವು. ನಡುವಿನಾಕಿ ಇಲ್ಲೂ ಎರಡೂ ಮನಿ ಪೂರಾ ನೋಡಿಲ್ಲ.”

ಮುಳ್ಳು ನೆಡದ ಕಾಲು ಈ ಊರಲ್ಲಿ ಯಾರದಿದೆ, ಅವರಿಗೆಲ್ಲ ಗಂಟು ಎದ್ದಿತೇ ಎಂದಳು ಆಯಿ. ಇಲಿ ಬಿದ್ದದ್ದನ್ನು ಏನನ್ನುತ್ತೀ ಎಂದಳು. ಕೂಸನ್ನು ತೋರಿಸಿದಳು. ಅವಳ ಮಾತು ಮೂರು ದಾಟಿ ಹತ್ತಾಯಿತು, ಅವತ್ತು ಯಾರೂ ಎಣಿಸಲಿಲ್ಲ. ಕಾಕಾ ರಂಗೋಲಿಯ ಬಟ್ಟಲು ನನ್ನ ಕಡೆ ದೂಡಿದ. ದೊಡ್ಡ ವೃತ್ತ ಗಂಟು ಎದ್ದವರದು, ಒಳಗಿನ ಸಣ್ಣದು ಬೇನೆಯವರದು. ನಾನು ಎಳೆದೆ. ಮೊದಲ ಸಲ ನನ್ನ ಗೆರೆ ನಡುಗಿತು. ಕಾಕಾ ನನ್ನ ಬೆರಳು ಹಿಡಿದ. ಅವತ್ತಿನ ಹಾಗೆಯೇ ಚುಕ್ಕೆಯನ್ನು ಸಣ್ಣ ವೃತ್ತದ ಹೊರಗೆ ಇಟ್ಟ. ಅಪ್ಪ, ಹಾಗಾದರೆ ನಮ್ಮ ಜೊತೆಗೇ ಬರಲಿ ಎಂದ. ಬಾಗಿಲ ಹಿಂದೆ ಬಳೆ ಒಂದು ಸಲ ಬಡಿಯಿತು.

ಎಲ್ಲರೂ ಏಳುತ್ತಿದ್ದರು. ನಾನು ಏಳಲಿಲ್ಲ. ಈ ಚಿತ್ರ ನನಗೆ ಗೊತ್ತಿತ್ತು. ಇದೇ ಎರಡು ವೃತ್ತ, ಇದೇ ಚುಕ್ಕೆ, ಇದೇ ಜಾಗ. ಅವತ್ತು ಕಾಕಾ ನನ್ನನ್ನು ಹೊರಗಿಟ್ಟಿದ್ದ, ಆದರೆ ನಾನು ಒಳಗೇ ಇದ್ದೆ. ಆಯಿಯ ಮಾತು ಕಟ್ಟಳೆಗೆ ನಿಲ್ಲದಿದ್ದರೂ ಆಯಿ ಹೇಳಿದ್ದು ನಿಜವಾಗಿತ್ತು. ಆ ಮನೆಯಲ್ಲಿ ಇದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಬಾಗಿಲ ಹಿಂದಿದ್ದಳು, ಇನ್ನೊಬ್ಬಳು ನಾನು. ಸುಮ್ಮನಿದ್ದುಬಿಡು ಎಂದು ಮನಸ್ಸು ಹೇಳುತ್ತಿತ್ತು. ಆಗ ಕೂಸು ಅತ್ತಿತು.

“ಕಾಕಾ, ಆವತ್ತ ಬೆಲ್ಲಾ ತಿಂದಾಕಿ ನಾನ.”

“ಈಗ್ಯಾಕ ಅದು?”

“ನೀ ನನ್ನ ಚುಕ್ಕಿ ಹೊರಗ ಇಟ್ಟಿ. ನಾ ಒಳಗ ಇದ್ದೆ.”

ಕಾಕಾನ ಮುಖದ ಬಣ್ಣ ಇಳಿದದ್ದನ್ನು ನಾನು ಈಗಲೂ ಕಾಣಬಲ್ಲೆ. ಅವನು ಬೈಯಲಿಲ್ಲ. ನೆಲದ ಮೇಲಿನ ವೃತ್ತಗಳನ್ನೇ ನೋಡುತ್ತ ಕೂತ. ಪುಸ್ತಕ ಅವನಿಗೆ ಹೇಳಿಕೊಟ್ಟಿದ್ದು ಇಷ್ಟೇ, ‘ಬೇನೆಯಿದೆ’ ಎಂದು ಇದರಿಂದ ಹೇಳಲು ಬರುವುದಿಲ್ಲ. ‘ಬೇನೆಯಿಲ್ಲ’ ಎಂದು ಪುಸ್ತಕ ಎಲ್ಲಿಯೂ ಹೇಳಿರಲಿಲ್ಲ, ಅದನ್ನು ಹೇಳಿದವನು ಹೆಂಡತಿಯ ಮೇಲೆ ಜೀವ ಇಟ್ಟುಕೊಂಡ ನಮ್ಮ ಕಾಕಾ. ಚುಕ್ಕೆ ಹಾಗಾದರೆ ಎಲ್ಲಿರಬೇಕು ಎಂದು ಅವನು ನನ್ನನ್ನು ಕೇಳಿದ, ತೀರ ಮೆಲ್ಲಗೆ, ನಾನು ಪುಣೆಗೆ ಹೋಗಿ ಬಂದವಳೇನೋ ಎಂಬಂತೆ. ನಾನು ಆ ಚುಕ್ಕೆಯನ್ನು ಅಂಗೈಯಿಂದ ಒರೆಸಿದೆ. ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು ಸಣ್ಣ ವೃತ್ತದ ಗೆರೆಯ ಮೇಲೆಯೇ ಇಟ್ಟೆ. ಬಾಗಿಲ ಕಡೆಯಿಂದ ಬಳೆಯ ಸದ್ದು ಬರಲಿಲ್ಲ, ಒಂದು ಸಲವೂ ಇಲ್ಲ, ಎರಡು ಸಲವೂ ಇಲ್ಲ.

“ಹಂಗಾರ ಚಪ್ಪರಕ್ಕೂ ಬ್ಯಾಡ, ನಿಮ್ಮ ಜೋಡಿನೂ ಬ್ಯಾಡ,” ಎಂದ ಕಾಕಾ. “ಹಳ್ಳದ ಆಚೀಕ ಬ್ಯಾರೆ ಗುಡಸಲಾ ಹಾಕತೇನಿ. ಆಕೀನೂ ನಾನೂ ಇಬ್ರ ಇರತೇವಿ. ನೀವು ಯಾರೂ ದಾಟಬ್ಯಾಡ್ರಿ.”

ಆಯಿ ಎದ್ದು ಮಗನ ರಟ್ಟೆ ಹಿಡಿದಳು. ಚಪ್ಪರಕ್ಕೆ ಕಳಿಸು ಎಂದವಳೇ ಈಗ ನೀನು ಹೋಗಬೇಡ ಎಂದು ಅತ್ತಳು. ಕಾಕಾ ರಟ್ಟೆ ಬಿಡಿಸಿಕೊಂಡು ಒಳಗೆ ಹೋದ. ಎಲ್ಲರ ಎದುರು ಹೆಂಡತಿಯ ಕೈ ಹಿಡಿದು ಕರೆತಂದ. ನಮ್ಮ ಮನೆಯಲ್ಲಿ ಹಾಗೆ ಯಾರೂ ಯಾರ ಕೈಯನ್ನೂ ಹಿಡಿದಿರಲಿಲ್ಲ. ಚಿಗವ್ವ ಸೆರಗು ಮುಖಕ್ಕೆ ಎಳೆದುಕೊಂಡು, ಎಡಗಾಲನ್ನು ಊರದೆ ಕುಂಟುತ್ತ ನಡೆದಳು. ಪಡಸಾಲೆ ದಾಟುವಾಗ ಅವಳ ಸೀರೆಯ ನಿರಿಗೆ ತಾಗಿ ವೃತ್ತಗಳೆರಡೂ ಅಳಿಸಿಹೋದವು. ನನ್ನ ಕಡೆ ಅವಳು ನೋಡಲಿಲ್ಲ.

ಮುಂದಿನ ದಿನಗಳನ್ನು ನಾನು ಹೊಗೆ ನೋಡುತ್ತ ಕಳೆದೆ. ನಮ್ಮ ಗುಡಿಸಲು ಹಳ್ಳದ ಈಚೆ, ಅವರದು ಆಚೆ, ಜಾಲಿಗಿಡಗಳ ಮರೆಯಲ್ಲಿ. ಹಳ್ಳದ ನಡುವೆ ಒಂದು ಹಾಸುಗಲ್ಲಿತ್ತು. ಆಯಿ ಅದರ ಮೇಲೆ ರೊಟ್ಟಿ, ಝುಣಕ ಇಟ್ಟು ಬರುತ್ತಿದ್ದಳು. ಅವಳು ಈಚೆ ದಂಡೆ ಹತ್ತಿದ ಮೇಲೆ ಕಾಕಾ ಬಂದು ಒಯ್ಯುತ್ತಿದ್ದ. ದೂರದಿಂದಲೇ ಹೇಗಿದ್ದಾಳೆ ಎಂದು ಕೂಗಿದರೆ ಕೈ ಅಲ್ಲಾಡಿಸುತ್ತಿದ್ದ. ಅದರ ಅರ್ಥ ನಮಗೆ ಆಗುತ್ತಿರಲಿಲ್ಲ. ಮುಂಜಾನೆ ಗಿಡಗಳ ಮೇಲೆ ಹೊಗೆ ಎದ್ದರೆ ಆಯಿ ಎದೆಯ ಮೇಲಿನ ಲಿಂಗ ಮುಟ್ಟಿಕೊಳ್ಳುತ್ತಿದ್ದಳು, ನಾನು ಉಸಿರು ಬಿಡುತ್ತಿದ್ದೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ, ಬೆಂಕಿ ಹೊತ್ತಿಸಿದ ಕೈಯಿದೆ. ಅದು ಕಾಕಾ ನನಗೆ ಕಲಿಸಿದ ಮೊದಲ ಪಾಠ. ಈ ದಿನಗಳಲ್ಲಿ ಆಯಿ ನನಗೆ ಬೆಲ್ಲದ ಬಗ್ಗೆ ಒಂದೇ ಒಂದು ಮಾತನ್ನೂ ಕೇಳಲಿಲ್ಲ. ನಾಲ್ಕು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಐದನೆಯ ಮುಂಜಾನೆ ಹೊಗೆ ಏಳಲಿಲ್ಲ. ಬಿಸಿಲು ಏರಿತು, ಹಿಂದಿನ ಸಂಜೆಯ ರೊಟ್ಟಿ ಹಾಸುಗಲ್ಲಿನ ಮೇಲೆ ಹಾಗೇ ಇತ್ತು, ಕಾಗೆಗಳು ಕೂತಿದ್ದವು. ಅವ್ವ ಬಾಯಿಗೆ ಸೆರಗು ಹಿಡಿದಳು. ಅಪ್ಪ ದಂಡೆಯ ತನಕ ಹೋಗಿ ತಮ್ಮನ ಹೆಸರು ಹಿಡಿದು ಕೂಗಿ ಕೂಗಿ ಬಂದು ಗುಡಿಸಲಿನ ಮುಂದೆ ಕುಸಿದು ಕೂತ. ನಾನು ಮಣ್ಣಿನಲ್ಲಿ ಬೆರಳಿನಿಂದ ಗೀಚಿದೆ. ಬೆಂಕಿಯ ದೊಡ್ಡ ವೃತ್ತ, ಒಳಗೆ ಹೊಗೆಯ ಸಣ್ಣ ವೃತ್ತ. ಹೊಗೆಯಿಲ್ಲ ಎಂದ ಮಾತ್ರಕ್ಕೆ ಬೆಂಕಿಯಿಲ್ಲ ಎನ್ನಲು ಬರುವುದಿಲ್ಲ. ಬೂದಿ ಮುಚ್ಚಿದ ಕೆಂಡಕ್ಕೆ ಹೊಗೆಯೆಲ್ಲಿ? ಬರುವುದಿಲ್ಲ, ಹೇಳಲು ಬರುವುದಿಲ್ಲ ಎಂದು ಗಟ್ಟಿಯಾಗಿ ಅಂದುಕೊಂಡೆ. ಆದರೆ ಇದೆ ಎನ್ನಲೂ ಬರುತ್ತಿರಲಿಲ್ಲ. ನಾನು ಪಡಸಾಲೆಯಲ್ಲಿ ಚಿಗವ್ವನನ್ನು ಇಟ್ಟ ಗೆರೆಯ ಮೇಲಿನ ಜಾಗ ಎಂಥದ್ದೆಂದು ನನಗೆ ತಿಳಿದದ್ದು ಆ ಹೊತ್ತಿಗೆ. ಅಲ್ಲಿ ಒಂದು ಗಳಿಗೆ ಕೂಡುವುದೂ ನನ್ನಿಂದಾಗಲಿಲ್ಲ, ಎದ್ದು ಹಳ್ಳದ ಕಡೆ ಓಡಿದೆ. ಅಪ್ಪ ಹಿಂದಿನಿಂದ ಬಂದು ಹಿಡಿದುಕೊಂಡ.

ಮಧ್ಯಾಹ್ನದ ಸುಮಾರಿಗೆ ಕಾಕಾ ಆಚೆ ದಂಡೆಯ ಮೇಲೆ ಕಾಣಿಸಿದ. ಮೈಮೇಲೆ ಅಂಗಿಯಿರಲಿಲ್ಲ, ಕಣ್ಣು ಕೆಂಪಾಗಿದ್ದವು.

“ಕಾಲ ಒಡೀತವ್ವಾ!” ಎಂದು ಕೂಗಿದ. “ಕೀವು ಹೋತು, ಮುಳ್ಳ ಬಂತು. ಜ್ವರಾ ಇಳದಾವು. ಗಂಜಿ ಬೇಡಾಕತ್ತಾಳ.”

ನಾಲ್ಕು ದಿನದಿಂದ ಉಳ್ಳಾಗಡ್ಡಿ ಸುಟ್ಟು, ಅರಿಷಿಣ ಹಚ್ಚಿ ಅಂಗಾಲಿಗೆ ಕಟ್ಟುತ್ತಿದ್ದನಂತೆ. ಹಿಂದಿನ ಸಂಜೆಯಿಂದ ಅವಳು ನೋವಿಗೆ ಹೊರಳಾಡಿದ್ದಳು. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ರೊಟ್ಟಿ ಬೇಕಾಗಿರಲಿಲ್ಲ, ಒಲೆ ಆರಿದ್ದೂ ಗೊತ್ತಾಗಿರಲಿಲ್ಲ. ಬೆಳಗಾದ ಮೇಲೆ ಮುಳ್ಳು ಹೊರಬಂದಾಗ ಇಬ್ಬರೂ ಕೂತಲ್ಲೇ ನಿದ್ದೆ ಹೋಗಿದ್ದರು. ಆಯಿ ಅದನ್ನು ಕೇಳಿ ಗಂಜಿ ಕಾಯಿಸಲು ಎದ್ದವಳು, ಮೊದಲು ನನ್ನ ಬೆನ್ನಿಗೆ ಎರಡು ಗುದ್ದು ಹಾಕಿದಳು. ಬೆಲ್ಲದ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಎರಡು ಗುದ್ದಿಗೆ ನಾನು ಬಾಯಿಬಿಟ್ಟು ಅತ್ತೆ.

ಊರಿಗೆ ತಿರುಗಿ ಬಂದು ಮನೆ ಸಾರಿಸಿ, ಸುಣ್ಣ ಬಳಿದ ಮೇಲೂ ಕಾಕಾ ಕಂಬಳಿ ಹಾಸಿಕೊಂಡು ಕೂಡುತ್ತಿದ್ದ. ದೂರು ಕೇಳುತ್ತಿದ್ದ. ಆದರೆ ಬಿಡುಗಡೆ ಎಂಬ ಮಾತು ಅವನ ಬಾಯಿಂದ ಹೋಯಿತು. ಗೊತ್ತಾಗುವುದಿಲ್ಲ, ಗೊತ್ತಾದಾಗ ನೋಡೋಣ ಎನ್ನುತ್ತಿದ್ದ. ಇಂಥ ನ್ಯಾಯ ಯಾರಿಗೆ ಬೇಕು? ಆಯಿ ಸೊಸೆಯಂದಿರ ಮೇಲಿನ ದೂರನ್ನು ಮೊದಲಿನಂತೆ ತಾನೇ ತೀರಿಸತೊಡಗಿದಳು, ಮೂವತ್ತು ಮಾತಿನಲ್ಲಿ. ಚಿಗವ್ವ ನನ್ನ ತಲೆ ಬಾಚುವುದನ್ನು ಬಿಡಲಿಲ್ಲ. ಒಂದು ದಿನವೂ ಮುಖ ಮುರಿಯಲಿಲ್ಲ, ಒಂದು ದಿನವೂ ಆ ಮಾತು ಎತ್ತಲಿಲ್ಲ. ಬಾಗಿಲ ಹಿಂದೆ ಬಳೆ ಮಾತ್ರ ಮತ್ತೆ ಬಡಿಯಲಿಲ್ಲ. ಕಾಕಾ ಅದಕ್ಕೆ ಕಿವಿಗೊಟ್ಟು ಕಾಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು.

ನಾನು ಮೂರು ಮಕ್ಕಳ ತಾಯಿಯಾದ ಮೇಲೆ ಒಮ್ಮೆ ತವರಿಗೆ ಹೋದಾಗ ಕೇಳಿಯೇಬಿಟ್ಟೆ. ಚಿಗವ್ವ ಒಲೆಯ ಮುಂದೆ ಕೂತು ನನ್ನ ಹಿರಿಯ ಮಗಳ ಬಾಣಂತನಕ್ಕೆಂದು ಅಂಟು ಹುರಿಯುತ್ತಿದ್ದಳು. ತಲೆ ಬೆಳ್ಳಗಾಗತೊಡಗಿತ್ತು, ಎಡಗಾಲನ್ನು ಚಾಚಿಯೇ ಕೂಡುತ್ತಿದ್ದಳು. ಆವತ್ತು ನಾನು ಮಾಡಿದ್ದು ತಪ್ಪೇ ಎಂದೆ. ಇಲ್ಲ ಎಂದಳು, ಎಲ್ಲರೂ ಉಳಿದದ್ದು ಅದರಿಂದಲೇ, ಬೇನೆಯಾಗಿದ್ದರೆ ನಿನ್ನ ತಮ್ಮ ಎಲ್ಲಿರುತ್ತಿದ್ದ ಎಂದಳು. ಹಾಗಾದರೆ ನನ್ನ ಮೇಲೆ ಸಿಟ್ಟಿಲ್ಲವಲ್ಲ ಎಂದೆ. ಅವಳು ಸೌಟು ಆಡಿಸುವುದನ್ನು ನಿಲ್ಲಿಸಿದಳು. ಗಡಿಗೆಯ ಬಟ್ಟೆ ಬಿಚ್ಚಿ ಬೆಲ್ಲದ ಒಂದು ಹೆಂಟೆ ಮುರಿದು, ನಾನು ಇನ್ನೂ ಹತ್ತು ವರ್ಷದವಳು ಎಂಬಂತೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ಸಿಟ್ಟ ಯಾತರದು ಗಂಗವ್ವಾ. ಬೆಲ್ಲಾ ತಿಂದಾಕಿ ನೀನ ಅಂತ ಗೊತ್ತಿದ್ದೂ ನಾ ನಿನ್ನ ಹೊರಗ ಇಟ್ಟಿದ್ದೆ. ಗೊತ್ತಿಲ್ಲದ ನೀ ನನ್ನ ಗೆರಿ ಮ್ಯಾಲ ಇಟ್ಟಿ. ಅಷ್ಟ ನೋಡು.”